ಕಣ್ಣಿಗೆ ಕಂಡ ಪರಿಮಳ

ಗಾಜಿನ ಕಪಾಟಿನೊಳಗಿನ ಶ್ರೀಗಂಧದ ಕೊರಡನ್ನು ದೂರದಿಂದ ಕಂಡೊಡನೆ ‘ಎಂಥ ಪರಿಮಳದ ಗಂಧ’ ಎನ್ನುತ್ತೇವೆ. ಪರಿಮಳವಿನ್ನೂ ಮೂಗನ್ನು ತಲಪಿಲ್ಲ; ಅದನ್ನು ಗ್ರಹಿಸುವ ಶಕ್ತಿ ಕಣ್ಣಿಗಿಲ್ಲ. ಹಾಗಾದರೆ ಈ ಅರಿವು ಬಂದುದೆಲ್ಲಿಂದ?

ನವ್ಯನೈಯಾಯಿಕರು ಇದನ್ನು ಅಲೌಕಿಕ ಪ್ರತ್ಯಕ್ಷವೆಂದು ಕರೆದು ಮೂರು ಬಗೆಯಾಗಿ ವಿಂಗಡಿಸಿದರು. ಒಂದು ಹೊಗೆಯನ್ನು ಕಂಡಾಗ ಹೊಗೆತನದ ಮೂಲಕ ಎಲ್ಲ ಹೊಗೆಗಳೂ ಅರಿವಿಗೆ ಬರುವುದು ಸಾಮಾನ್ಯಲಕ್ಷಣ. ಹಿಂದೆ ಆಘ್ರಾಣಿಸಿದ ಪರಿಮಳದ ಜ್ಞಾನವೇ ಸೇತುವೆಯಾಗಿ ಗಂಧವು ಪರಿಮಳಸಹಿತ ಕಣ್ಣಿಗೆ ತೋರುವುದು ಜ್ಞಾನಲಕ್ಷಣ. ಯೋಗಬಲದಿಂದ ದೂರದ, ಸೂಕ್ಷ್ಮವಾದ, ಭೂತಭವಿಷ್ಯತ್ತಿನ ವಸ್ತುಗಳು ಗೋಚರಿಸುವುದು ಯೋಗಜ.

ನಮ್ಮ ನೆರೆಯ ಕೇರಳದಲ್ಲಿ ಈ ಚರ್ಚೆಯ ಎರಡು ಪಕ್ಷಗಳೂ ಬೆಳೆದವು. 1949ರಲ್ಲಿ ಕೊಚ್ಚಿಯು ತಿರುವಾಂಕೂರಿನೊಡನೆ ಸೇರಿದಾಗ ಅದರ ದೊರೆಯಾಗಿದ್ದ ರಾಮವರ್ಮ ಪರೀಕ್ಷಿತ್ ತಂಪುರಾನ್ ಅವರು, ಈ ಮೂರು ಬಗೆಗಳನ್ನು ವಿವರಿಸುವ ‘ನ್ಯಾಯಸಿದ್ಧಾಂತಮುಕ್ತಾವಲಿ’ಗೆ ‘ಸುಬೋಧಿನಿ’ ಎಂಬ ಟೀಕೆಯನ್ನು ಬರೆದ ವಿದ್ವಾಂಸರು. ತಿರುವನಂತಪುರದಿಂದ 1912ರಲ್ಲಿ ಟಿ. ಗಣಪತಿ ಶಾಸ್ತ್ರಿಗಳು ಪ್ರಕಟಿಸಿದ ‘ಮಾನಮೇಯೋದಯ’ವಾದರೋ ಭಾಟ್ಟ ಮೀಮಾಂಸೆಯ ಗ್ರಂಥ, ಅದರ ಪ್ರಮಾಣಭಾಗ ‘ನಾರಾಯಣೀಯ’ದ ಕವಿ ಮೇಲ್ಪತ್ತೂರು ನಾರಾಯಣ ಭಟ್ಟರದು. ಇಂದ್ರಿಯವು ವರ್ತಮಾನದ ವಸ್ತುವನ್ನಷ್ಟೇ ಗ್ರಹಿಸಬಲ್ಲದೆನ್ನುವ ಕುಮಾರಿಲಭಟ್ಟರ ಈ ಪರಂಪರೆಯು ಯೋಗಿಪ್ರತ್ಯಕ್ಷವನ್ನು ಒಪ್ಪದು. ಇನ್ನು ಅದ್ವೈತದ ‘ವೇದಾಂತಪರಿಭಾಷಾ’, ಗಂಧದ ಕೊರಡು ಮಾತ್ರ ಪ್ರತ್ಯಕ್ಷ, ಪರಿಮಳವಲ್ಲ ಎನ್ನುತ್ತದೆ.

ಇದು ಬರಿಯ ಪಂಡಿತರ ವಾಗ್ವಾದವೆಂದು ನಾನೂ ತಿಳಿದಿದ್ದೆ. ಎರ್ನಾಕುಳದ ಬ್ಯಾಂಕ್ ಶಾಖೆಯೊಂದರಲ್ಲಿದ್ದಾಗ ಒಂದು ರಾತ್ರಿ ಎದೆ ಬಿಗಿದು ಮೈ ಬೆವೆತಿತು. ಅಜೀರ್ಣವೆಂಬುದು ನನಗೆ ಕಣ್ಣಾರೆ ಕಂಡಷ್ಟು ಸ್ಪಷ್ಟವಾಗಿತ್ತು. ಹಿಂದೆ ಹಲವು ಸಲ ಅದು ಅಜೀರ್ಣವೇ ಆಗಿತ್ತಲ್ಲ! ಜೀರಿಗೆಯ ಕಷಾಯ ಕುಡಿದು ಬೆಳಗಾಗುವವರೆಗೆ ಕಾದೆ. ಇಸಿಜಿ ನೋಡಿದ ವೈದ್ಯರು ಹೃದಯಾಘಾತವೆಂದರು. ಜೀವ ಉಳಿಯಿತು, ಕಾದ ಗಂಟೆಗಳಲ್ಲಿ ಹೃದಯದ ಸ್ನಾಯುವಿಗಾದ ಹಾನಿ ಹಾಗೆಯೇ ಉಳಿಯಿತು.

ಕಪ್ಪೆಚಿಪ್ಪಿನಲ್ಲಿ ಬೆಳ್ಳಿ ತೋರುವ ಭ್ರಮೆಯನ್ನೂ ನೈಯಾಯಿಕರು ಇದೇ ಜ್ಞಾನಲಕ್ಷಣದಿಂದ ವಿವರಿಸುತ್ತಾರೆ. ನೆನಪಿನ ಸೇತುವೆ ಗಂಧಕ್ಕೆ ಪರಿಮಳವನ್ನು ತರುವಂತೆ ಚಿಪ್ಪಿಗೆ ಬೆಳ್ಳಿಯನ್ನೂ ತರುತ್ತದೆ. ಆ ರಾತ್ರಿ ನನಗೆ ಪ್ರತ್ಯಕ್ಷವಾಗಿದ್ದುದು ಎದೆಯ ಬಿಗಿತ ಮತ್ತು ಬೆವರು. ಅಜೀರ್ಣವನ್ನು ತಂದದ್ದು ನೆನಪು.

ಹುಟ್ಟೂರಿನಿಂದ ದೂರ, ಮಹಾನಗರದ ಮನೆಗಳಲ್ಲಿ ನಮ್ಮ ರೋಗವನ್ನು ನಾವೇ ‘ಕಂಡು’ ಔಷಧಿ ನುಂಗುವ ರೂಢಿ ಬಹಳ. ಎದೆಯ ಬಿಗಿತ, ತಣ್ಣನೆಯ ಬೆವರು, ತೋಳಿಗೋ ದವಡೆಗೋ ಹಬ್ಬುವ ನೋವು ಕಾಣಿಸಿಕೊಂಡರೆ, ಕಂಡಷ್ಟನ್ನೇ ವೈದ್ಯರಿಗೆ ಹೇಳಿ. ಕಷಾಯಕ್ಕೆ ಒಲೆ ಹಚ್ಚುವ ಮೊದಲು ಆಸ್ಪತ್ರೆಗೆ ಹೊರಡಿ.