ನೆರೆಮನೆಯ ಗ್ರಂಥಗಳನ್ನು ಅರಿಯೋಣ

ಶಾಲೆಯಿಂದ ಮರಳಿದ ಮಗು ಚೀಲ ಇಳಿಸುತ್ತಲೇ, "ಉಮ್ಮಾ, ನಮಗೆ ಕುರ್‌ಆನ್ ಇರುವ ಹಾಗೆ ನನ್ನ ಗೆಳತಿಗೆ ಯಾವ ಗ್ರಂಥ ಇದೆ?" ಎಂದು ಕೇಳಿದರೆ ನೀವೇನು ಉತ್ತರಿಸುವಿರಿ? ಹೆಚ್ಚಿನವರು "ಭಗವದ್ಗೀತೆ" ಎಂದು ಹೇಳಿ ಸುಮ್ಮನಾಗುತ್ತೇವೆ. ವರ್ಷಗಟ್ಟಲೆ ಮದುವೆ-ಮರಣಗಳಲ್ಲಿ ಜೊತೆಗಿದ್ದ ನೆರೆಯವರ ನಂಬಿಕೆಯ ಕುರಿತು ನಮ್ಮ ತಿಳುವಳಿಕೆ ಅಷ್ಟಕ್ಕೇ ನಿಂತಿದೆ. ಮಾನವರನ್ನು ಜನಾಂಗ, ಗೋತ್ರಗಳಾಗಿ ಮಾಡಿರುವುದು ಪರಸ್ಪರ ಅರಿಯಲಿಕ್ಕಾಗಿ ಎಂದು ಪವಿತ್ರ ಕುರ್‌ಆನ್ (49:13) ಕಲಿಸುತ್ತದೆಯಲ್ಲವೇ?

ಮೊದಲಿಗೆ ಒಂದು ವಿಷಯ ನೆನಪಿಡಿ. ಹಿಂದೂ ಧರ್ಮಕ್ಕೆ ಒಬ್ಬನೇ ಸ್ಥಾಪಕನಿಲ್ಲ, ಎಲ್ಲರಿಗೂ ಅನ್ವಯವಾಗುವ ಒಂದೇ ಗ್ರಂಥವೂ ಇಲ್ಲ. ಅಲ್ಲಿನ ಗ್ರಂಥಗಳನ್ನು ಶ್ರುತಿ ಮತ್ತು ಸ್ಮೃತಿ ಎಂದು ಎರಡಾಗಿ ವಿಂಗಡಿಸುತ್ತಾರೆ. ಶ್ರುತಿ ಎಂದರೆ ಋಷಿಗಳು ಕೇಳಿಸಿಕೊಂಡದ್ದು. ಸ್ಮೃತಿ ಎಂದರೆ ನೆನಪಿನಿಂದ ಬಂದದ್ದು.

ಋಗ್ವೇದ, ಯಜುರ್ವೇದ, ಸಾಮವೇದ, ಅಥರ್ವವೇದ ಎಂಬ ನಾಲ್ಕು ವೇದಗಳು ಶ್ರುತಿಗೆ ಸೇರುತ್ತವೆ. ಅತ್ಯಂತ ಹಳೆಯದಾದ ಋಗ್ವೇದದಲ್ಲಿ 10 ಮಂಡಲಗಳೂ 1028 ಸೂಕ್ತಗಳೂ ಇವೆ. ಬರವಣಿಗೆಗೆ ಬರುವ ಮೊದಲು ಇವು ಶತಮಾನಗಳ ಕಾಲ ಗುರುವಿನಿಂದ ಶಿಷ್ಯನಿಗೆ ಬಾಯಿಪಾಠವಾಗಿಯೇ ಸಾಗಿ ಬಂದವು. ಒಂದು ಸ್ವರವೂ ತಪ್ಪದಂತೆ ಕಂಠಪಾಠ ಮಾಡುವ ಈ ಶ್ರಮ, ಮನೆಯಲ್ಲಿ ಹಾಫಿಝ್ ಮಗನಿರುವ ತಾಯಿಗೆ ಚೆನ್ನಾಗಿ ಅರ್ಥವಾಗುತ್ತದೆ.

ವೇದಗಳ ಕೊನೆಯ ಭಾಗವೇ ಉಪನಿಷತ್ತುಗಳು. ಆತ್ಮ, ಮರಣ, ಪರಮಸತ್ಯದ ಕುರಿತ ಚರ್ಚೆ ಇವುಗಳಲ್ಲಿದೆ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಗಾರ್ಗಿ ಎಂಬ ಮಹಿಳೆ ಜನಕರಾಜನ ಸಭೆಯಲ್ಲಿ ಯಾಜ್ಞವಲ್ಕ್ಯ ಋಷಿಯನ್ನು ಪ್ರಶ್ನೆಗಳಿಂದ ಎದುರಿಸುತ್ತಾಳೆ. ಅವನ ಪತ್ನಿ ಮೈತ್ರೇಯಿ, ಭೂಮಿಯ ಸಂಪತ್ತೆಲ್ಲ ಸಿಕ್ಕರೂ ತನಗೆ ಅಮರತ್ವ ದೊರೆಯುವುದೇ ಎಂದು ಕೇಳುತ್ತಾಳೆ.

ಸ್ಮೃತಿಯ ವಿಭಾಗದಲ್ಲಿ ರಾಮಾಯಣ, ಮಹಾಭಾರತ, 18 ಪುರಾಣಗಳು ಹಾಗೂ ಧರ್ಮಶಾಸ್ತ್ರಗಳಿವೆ. ವಾಲ್ಮೀಕಿ ರಾಮಾಯಣದಲ್ಲಿ 7 ಕಾಂಡಗಳಿದ್ದರೆ ಮಹಾಭಾರತದಲ್ಲಿ 18 ಪರ್ವಗಳು. ಭಗವದ್ಗೀತೆ ಮಹಾಭಾರತದ ಭೀಷ್ಮಪರ್ವದ ಒಂದು ಭಾಗ; ಅದರಲ್ಲಿ 18 ಅಧ್ಯಾಯ, 700 ಶ್ಲೋಕಗಳು. ಯುದ್ಧಭೂಮಿಯಲ್ಲಿ ಕೈಚೆಲ್ಲಿದ ಅರ್ಜುನನಿಗೆ ಕೃಷ್ಣ ನೀಡಿದ ಉಪದೇಶವದು. ಕನ್ನಡಿಗರ ಮನೆಗಳಿಗೆ ಮಹಾಭಾರತದ ಕಥೆ ತಲುಪಿದ್ದು ಹೆಚ್ಚಾಗಿ ಕುಮಾರವ್ಯಾಸನ ಕಾವ್ಯ ಮತ್ತು ಯಕ್ಷಗಾನದ ಮೂಲಕ.

ಮನುಸ್ಮೃತಿಯ ಹೆಸರನ್ನೂ ನೀವು ಕೇಳಿರಬಹುದು. ಅದರ ಜಾತಿ ತಾರತಮ್ಯವನ್ನು ವಿರೋಧಿಸಿ 1927ರ ಡಿಸೆಂಬರ್ 25ರಂದು ಡಾ. ಅಂಬೇಡ್ಕರರ ನೇತೃತ್ವದಲ್ಲಿ ಮಹಾಡ್‌ನಲ್ಲಿ ಅದನ್ನು ಸುಡಲಾಯಿತು. ಇಂದು ಹಿಂದೂಗಳ ವಿವಾಹ, ಆಸ್ತಿಹಕ್ಕುಗಳು ನಡೆಯುವುದು 1955 ಮತ್ತು 1956ರ ಕಾನೂನುಗಳಂತೆ. ಆದ್ದರಿಂದ ಆ ಗ್ರಂಥದ ಒಂದು ಶ್ಲೋಕ ಹಿಡಿದು ಪಕ್ಕದ ಮನೆಯ ಅಕ್ಕನನ್ನು ಅಳೆಯುವುದು ನ್ಯಾಯವಲ್ಲ. ಸಂದರ್ಭ ಬಿಟ್ಟು ಕುರ್‌ಆನಿನ ಒಂದು ಸೂಕ್ತವನ್ನು ಎತ್ತಿ ನಮ್ಮನ್ನು ಚುಚ್ಚಿದಾಗ ನಮಗೆಷ್ಟು ನೋವಾಗುತ್ತದೆ! ನಮಗೆ ಬೇಕಾದ ನ್ಯಾಯವನ್ನು ನಾವೂ ಕೊಡಬೇಕಲ್ಲವೇ?

ಮುಸ್ಲಿಮ್ ವಿದ್ವಾಂಸರಿಗೆ ಈ ದಾರಿ ಹೊಸತಲ್ಲ. ಅಲ್‌ಬಿರೂನಿ 11ನೇ ಶತಮಾನದಲ್ಲೇ ಸಂಸ್ಕೃತ ಕಲಿತು ಭಾರತದ ಕುರಿತು ಗ್ರಂಥ ರಚಿಸಿದರು. ಖಂಡನೆಗಾಗಿಯಲ್ಲ, ಹಿಂದೂಗಳು ಹೇಳುವುದನ್ನು ಇದ್ದಂತೆ ತಿಳಿಸಲು ಬರೆಯುತ್ತಿದ್ದೇನೆಂಬುದು ಅವರ ನಿಲುವಾಗಿತ್ತು. 1657ರಲ್ಲಿ ಮೊಗಲ್ ರಾಜಕುಮಾರ ದಾರಾ ಶಿಕೊ ಪಂಡಿತರ ನೆರವಿನಿಂದ ಸುಮಾರು 50 ಉಪನಿಷತ್ತುಗಳನ್ನು ಪಾರ್ಸಿ ಭಾಷೆಗೆ ತಂದನು.

"ಹಾಗಾದರೆ ವೇದಗಳೂ ದೇವವಾಣಿಯೇ?" ಎಂದು ಮಗು ಮತ್ತೆ ಕೇಳಬಹುದು. ಪ್ರತಿಯೊಂದು ಸಮುದಾಯಕ್ಕೂ ಸಂದೇಶವಾಹಕರು ಬಂದಿದ್ದಾರೆ, ಅವರಲ್ಲಿ ಕೆಲವರ ವೃತ್ತಾಂತವನ್ನು ತಿಳಿಸಲಾಗಿಲ್ಲ ಎನ್ನುತ್ತದೆ ಕುರ್‌ಆನ್ (10:47, 40:78). ತೌರಾತ್, ಝಬೂರ್, ಇಂಜೀಲ್‌ಗಳಂತೆ ವೇದಗಳ ಹೆಸರನ್ನು ಅದು ಎತ್ತಿಲ್ಲ. ಆದ್ದರಿಂದ ಖಚಿತವಾಗಿ ಹೌದೆನ್ನಲೂ ಬೇಡ, ಅಲ್ಲವೆನ್ನಲೂ ಬೇಡ. ಏಕದೇವತ್ವದ ವಿಶ್ವಾಸದಲ್ಲಿ ನಾವು ದೃಢವಾಗಿರೋಣ. ಆದರೆ ಇತರರು ಪೂಜಿಸುವವರನ್ನು ನಿಂದಿಸಬಾರದೆಂಬ ಆಜ್ಞೆಯೂ (6:108) ಅದೇ ವಿಶ್ವಾಸದ ಭಾಗವೆಂದು ಮಕ್ಕಳಿಗೆ ಹೇಳಿಕೊಡಿ.

ಮುಂದಿನ ಬಾರಿ ನೆರೆಮನೆಯ ಅಕ್ಕ ಬೇಲಿಯ ಬಳಿ ಮಾತಿಗೆ ಸಿಕ್ಕಾಗ, ಅವರ ಮನೆಯಲ್ಲಿ ಯಾವ ಗ್ರಂಥ ಓದುತ್ತಾರೆಂದು ಪ್ರೀತಿಯಿಂದ ಕೇಳಿ ನೋಡಿ. ನಮ್ಮ ಕುರ್‌ಆನ್ ಬಗ್ಗೆ ಅವರೂ ಕೇಳಬಹುದು. ಅದಕ್ಕೂ ಸಿದ್ಧರಾಗಿರಿ.