ಭಾರತ ಜಗತ್ತಿನ ನಾಲ್ಕನೇ ಅತಿ ಸಮಾನ ದೇಶವೇ? ಫಾರ್ವರ್ಡ್‌ನಲ್ಲಿ ಬಿಟ್ಟುಹೋದ ಒಂದು ಪದ

2025ರ ಜುಲೈನಲ್ಲಿ ದೊಡ್ಡಬಳ್ಳಾಪುರದ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಒಂದು ಪೋಸ್ಟರ್ ಬಂತು. ‘ಭಾರತ ಈಗ ಜಗತ್ತಿನ ನಾಲ್ಕನೇ ಅತಿ ಸಮಾನ ದೇಶ: ವಿಶ್ವಬ್ಯಾಂಕ್’. ಅಮೆರಿಕ, ಚೀನಾ ನಮಗಿಂತ ಹಿಂದೆ ಅಂತಲೂ ಇತ್ತು. ನಿಮಗೂ ಬಂದಿರಬಹುದು. ಚಪ್ಪಾಳೆ ಇಮೋಜಿಗಳ ನಡುವೆ, ಪವರ್‌ಲೂಮ್‌ನಲ್ಲಿ ಕೂಲಿಗೆ ಸೀರೆ ನೇಯುವ ನಮ್ಮ ಮಾವ ಒಬ್ಬರು ಮಾತ್ರ ಕೇಳಿದರು: ‘ಹಂಗಾದ್ರೆ ನಮ್ಮ ಓನರ್‌ಗೂ ನಂಗೂ ಇರೋ ವ್ಯತ್ಯಾಸ ಕಮ್ಮಿ ಆಯ್ತಾ?’ ಯಾರೂ ಉತ್ತರ ಕೊಡಲಿಲ್ಲ.

ಸಂದೇಶ ಪೂರ್ತಿ ಸುಳ್ಳಲ್ಲ. ವಿಶ್ವಬ್ಯಾಂಕಿನ 2025ರ ಟಿಪ್ಪಣಿಯೊಂದರಲ್ಲಿ ಭಾರತದ ಗಿನಿ ಸೂಚ್ಯಂಕ 2011-12ರಲ್ಲಿ 28.8 ಇದ್ದದ್ದು 2022-23ಕ್ಕೆ 25.5ಕ್ಕೆ ಇಳಿದಿದೆ ಎಂದಿದೆ. ಗಿನಿ ಅಂದರೆ ಇಟಲಿಯ ಕೊರಾಡೊ ಗಿನಿ 1912ರಲ್ಲಿ ಕೊಟ್ಟ ಅಳತೆ. ಎಲ್ಲರ ಪಾಲೂ ಒಂದೇ ಆದರೆ 0, ಒಬ್ಬನೇ ಎಲ್ಲವನ್ನೂ ಇಟ್ಟುಕೊಂಡರೆ 100. ಆದರೆ ಆ ಟಿಪ್ಪಣಿಯಲ್ಲಿ ‘ನಾಲ್ಕನೇ ಸ್ಥಾನ’ ಎಂಬ ಮಾತಿಲ್ಲ. ಬೇರೆ ಬೇರೆ ದೇಶಗಳ ಗಿನಿ ಅಂಕಿಗಳನ್ನು ಸಾಲಾಗಿ ಜೋಡಿಸಿ ಆ ಸ್ಥಾನ ಹೇಳಿದ್ದು ಕೇಂದ್ರ ಸರ್ಕಾರದ ಪತ್ರಿಕಾ ಪ್ರಕಟಣೆ.

ಸಮಸ್ಯೆ ಇರುವುದು ಆ ಜೋಡಣೆಯಲ್ಲೇ. ಭಾರತದ 25.5 ಮನೆ ಖರ್ಚಿನ ಸಮೀಕ್ಷೆಯಿಂದ ಬಂದದ್ದು. ಅಮೆರಿಕ, ಸ್ಲೊವಾಕಿಯಾ, ಸ್ಲೊವೇನಿಯಾದಂಥ ದೇಶಗಳ ಅಂಕಿ ಬಂದದ್ದು ಆದಾಯದಿಂದ. ಪೋಸ್ಟರ್‌ನಲ್ಲಿ ಬಿಟ್ಟುಹೋದ ಪದ ‘ಖರ್ಚು’.

ಅದರಿಂದ ಅಷ್ಟು ವ್ಯತ್ಯಾಸ ಆಗುತ್ತಾ? ನಮ್ಮ ಮಗ್ಗದ ಬೀದಿಯನ್ನೇ ನೋಡೋಣ. ಇವು ಸಮೀಕ್ಷೆಯ ಅಂಕಿಗಳಲ್ಲ, ಅರ್ಥವಾಗಲಿ ಅಂತ ಹಾಕಿಕೊಂಡ ಲೆಕ್ಕ. ಒಬ್ಬ ನೇಕಾರನಿಗೆ ತಿಂಗಳಿಗೆ 15,000 ರೂಪಾಯಿ ಬರುತ್ತದೆ. ಬಾಡಿಗೆ, ರೇಷನ್, ಮಗಳ ಫೀಸು, ಅಮ್ಮನ ಮಾತ್ರೆ ಎಲ್ಲ ಸೇರಿ 16,000 ಖರ್ಚು. ಉಳಿದ ಸಾವಿರ ಸಾಲ. ಮಗ್ಗಗಳ ಮಾಲೀಕರಿಗೆ 1,80,000 ಬರುತ್ತದೆ, ಖರ್ಚು 64,000. ಮಿಕ್ಕಿದ್ದು ದೇವನಹಳ್ಳಿ ಕಡೆ ಒಂದು ಸೈಟಿಗೆ ಹೋಗುತ್ತದೆ. ಆದಾಯದಲ್ಲಿ ಇಬ್ಬರ ನಡುವೆ 12 ಪಟ್ಟು ಅಂತರ, ಖರ್ಚಿನಲ್ಲಿ 4 ಪಟ್ಟು ಮಾತ್ರ. ಹೆಚ್ಚು ದುಡ್ಡು ಇರುವವರೂ ತಿನ್ನುವುದು ಒಂದೇ ಹೊಟ್ಟೆಗೆ ತಾನೆ? ಜೊತೆಗೆ ನೇಕಾರ ಸಾಲ ಮಾಡಿದ ಸಾವಿರವೂ ಈ ಲೆಕ್ಕದಲ್ಲಿ ಅವನ ಸ್ಥಿತಿ ಸುಧಾರಿಸಿದ ಹಾಗೆ ಕಾಣುತ್ತದೆ. ನನಗೆ ಅತಿ ಬೇಸರ ತಂದದ್ದು ಇದೇ.

ಇನ್ನೊಂದು ವಿಷಯ, ಬಹಳ ಶ್ರೀಮಂತರ ಮನೆಗಳು ಇಂಥ ಸಮೀಕ್ಷೆಗೆ ಸಿಗುವುದೇ ಅಪರೂಪ. ಮಾಹಿತಿಯ ಮಿತಿಯಿಂದ ಅಸಮಾನತೆ ಇರುವುದಕ್ಕಿಂತ ಕಡಿಮೆ ಕಾಣುತ್ತಿರಬಹುದು ಎಂದು ವಿಶ್ವಬ್ಯಾಂಕಿನ ಅದೇ ಟಿಪ್ಪಣಿ ಎಚ್ಚರಿಸಿದೆ. ಅಷ್ಟೇ ಅಲ್ಲ, ವಿಶ್ವ ಅಸಮಾನತೆ ದತ್ತಾಂಶದ ಪ್ರಕಾರ ಭಾರತದ ಆದಾಯದ ಗಿನಿ 2004ರಲ್ಲಿ 52 ಇದ್ದದ್ದು 2023ರಲ್ಲಿ 62ಕ್ಕೆ ಏರಿದೆ ಎಂದೂ ಅದರಲ್ಲೇ ಇದೆ. ಫಾರ್ವರ್ಡ್ ಮಾಡಿದವರು ಆ ಸಾಲನ್ನು ಓದಿರಲಿಕ್ಕಿಲ್ಲ.

ಹಾಗಂತ ಗಿನಿ ಒಂದೇ ಸಾಕು ಅಂತಲೂ ಅಲ್ಲ. ಊರಿನವರೆಲ್ಲ ಸಮಾನವಾಗಿ ಹಸಿದಿದ್ದರೂ ಗಿನಿ ಸೊನ್ನೆಯೇ. ತಲಾ ಆದಾಯವೂ ಮೋಸ ಮಾಡುತ್ತದೆ. ನಮ್ಮ ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳ ಉತ್ಪಾದನೆ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಲೆಕ್ಕಕ್ಕೆ ಸೇರುತ್ತದೆ, ಲಾಭ ಮಾತ್ರ ಮಾಲೀಕರು ಎಲ್ಲಿದ್ದಾರೋ ಅಲ್ಲಿಗೆ. ಅದಕ್ಕೇ 1990ರಿಂದ ವಿಶ್ವಸಂಸ್ಥೆ ಆಯಸ್ಸು, ಶಿಕ್ಷಣ, ಆದಾಯ ಮೂರನ್ನೂ ಸೇರಿಸಿ ಮಾನವ ಅಭಿವೃದ್ಧಿ ಸೂಚ್ಯಂಕ ಕೊಡುತ್ತಿದೆ. 2025ರ ವರದಿಯಲ್ಲಿ 193 ದೇಶಗಳ ಪೈಕಿ ಭಾರತಕ್ಕೆ 130ನೇ ಸ್ಥಾನ. ಅಸಮಾನತೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಈ ಅಂಕಿಯಲ್ಲಿ ಶೇ 30.7ರಷ್ಟು ಕಡಿತವಾಗುತ್ತದೆ. ಕರ್ನಾಟಕ ಇದನ್ನು ಜಿಲ್ಲಾವಾರು ಮಾಡಿ 1999 ಮತ್ತು 2005ರಲ್ಲಿ ವರದಿ ತಂದಿತ್ತು. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ತಾಲ್ಲೂಕುಗಳನ್ನೇ ಅಳೆದು, 175ರಲ್ಲಿ 114 ಹಿಂದುಳಿದಿವೆ ಎಂದಿತು. ರಾಜ್ಯದ ಸರಾಸರಿಯಲ್ಲಿ ಈ ತಾಲ್ಲೂಕುಗಳು ಕಾಣುತ್ತಲೇ ಇರಲಿಲ್ಲ.

ಇಷ್ಟನ್ನೂ ಚಿಕ್ಕದಾಗಿ ಟೈಪ್ ಮಾಡಿ ಗ್ರೂಪಿಗೆ ಹಾಕಿದೆ. ಮಾವ ಮತ್ತೆ ಕೇಳಿದರು: ‘ಅಲ್ಲಪ್ಪ, ಖರ್ಚು ಬರ್ಕೊಂಡ್ರು ಸರಿ. ಸಂಪಾದನೆ ಯಾಕೆ ಕೇಳಲ್ಲ?’

ಕೇಳಲಿದ್ದಾರೆ. ದೇಶದಾದ್ಯಂತ ಮನೆಗಳ ಆದಾಯದ ಮೊದಲ ಸಮೀಕ್ಷೆಯನ್ನು 2026ರಲ್ಲಿ ನಡೆಸುವುದಾಗಿ ಕೇಂದ್ರ ಸರ್ಕಾರ ಹೇಳಿತ್ತು. ಅದಕ್ಕೆ ಮುಂಚೆ 2025ರಲ್ಲಿ ಪ್ರಶ್ನೆಗಳನ್ನು ಕೆಲವರ ಹತ್ತಿರ ಪರೀಕ್ಷಿಸಿ ನೋಡಿದಾಗ ಶೇ 95ರಷ್ಟು ಜನ ಈ ಪ್ರಶ್ನೆಗಳು ಸೂಕ್ಷ್ಮ ಎಂದಿದ್ದರು. ಮಾವನಿಗೆ ಇದನ್ನು ಹೇಳಿದಾಗ ನಕ್ಕರು. ‘ನಮ್ಮನೇಗೆ ಬಂದ್ರೆ ನಾನು ಹೇಳ್ತೀನಿ. ಓನರ್ ಮನೆ ಗೇಟ್ ತೆಗೀತಾರಾ ನೋಡು.’