ವಿಶ್ವ ವಿದ್ಯಾರ್ಥಿ ಕ್ರೈಸ್ತ ಒಕ್ಕೂಟ

ವಿಶ್ವ ವಿದ್ಯಾರ್ಥಿ ಕ್ರೈಸ್ತ ಒಕ್ಕೂಟವು ನಾನಾ ದೇಶಗಳ ವಿಶ್ವವಿದ್ಯಾಲಯಗಳಲ್ಲಿ ಕಾರ್ಯನಿರ್ವಹಿಸುವ ಕ್ರೈಸ್ತ ವಿದ್ಯಾರ್ಥಿ ಸಂಘಟನೆಗಳ ಅಂತರರಾಷ್ಟ್ರೀಯ ಒಕ್ಕೂಟವಾಗಿದೆ. ಇದರ ಕೇಂದ್ರ ಕಚೇರಿಯು ಸ್ವಿಟ್ಜರ್ಲೆಂಡಿನ ಜಿನೀವಾ ನಗರದಲ್ಲಿದೆ.

ಸ್ಥಾಪನೆ

1895ರಲ್ಲಿ ಸ್ವೀಡನ್ನಿನ ವಾಡ್‌ಸ್ಟೇನಾ ಕೋಟೆಯಲ್ಲಿ ಅಮೆರಿಕದ ಜಾನ್ ಆರ್. ಮಾಟ್, ಸ್ವೀಡನ್ನಿನ ಕಾರ್ಲ್ ಫ್ರೀಸ್ ಮೊದಲಾದವರು ಇದನ್ನು ಸ್ಥಾಪಿಸಿದರು. ವಿದ್ಯಾರ್ಥಿಗಳಲ್ಲಿ ಕ್ರೈಸ್ತ ನಂಬಿಕೆಯನ್ನು ಬೆಳೆಸುವುದು ಮತ್ತು ಅವರನ್ನು ಹೊರದೇಶಗಳ ಮಿಷನ್ ಸೇವೆಗೆ ಪ್ರೇರೇಪಿಸುವುದು ಆರಂಭದ ಉದ್ದೇಶಗಳಾಗಿದ್ದವು. ಮೊದಲನೆಯ ಮಹಾಯುದ್ಧದ ನಂತರ, 1920ರಲ್ಲಿ, ಸಂಕಷ್ಟದಲ್ಲಿದ್ದ ಯುರೋಪಿನ ವಿದ್ಯಾರ್ಥಿಗಳಿಗೆ ಮತಭೇದವಿಲ್ಲದೆ ಆಹಾರ ಮತ್ತು ಬಟ್ಟೆಗಳನ್ನು ಒದಗಿಸುವ ಪರಿಹಾರ ಕಾರ್ಯವನ್ನು ಒಕ್ಕೂಟವು ಕೈಗೊಂಡಿತು. ಬ್ರಿಟನ್ನಿನ ರೂತ್ ರೌಸ್ ಅದರ ಮುಂಚೂಣಿಯಲ್ಲಿದ್ದರು.

ಏಷ್ಯಾದಲ್ಲಿ

ಏಷ್ಯಾದಲ್ಲಿ ಒಕ್ಕೂಟದ ಸಮ್ಮೇಳನವು 1907ರಲ್ಲಿ ಟೋಕಿಯೊದಲ್ಲಿ ಜರುಗಿತು. 1922ರ ಬೀಜಿಂಗ್ ಸಮ್ಮೇಳನವನ್ನು ಚೀನಾದ ಅನೇಕ ವಿದ್ಯಾರ್ಥಿಗಳೇ ವಿರೋಧಿಸಿದರು. ಕ್ರೈಸ್ತ ಮಿಷನ್ ಪಾಶ್ಚಾತ್ಯ ಸಾಮ್ರಾಜ್ಯಶಾಹಿಯ ಸಾಧನವೆಂಬುದು ಅವರ ಆಕ್ಷೇಪವಾಗಿತ್ತು. ಮಿಷನ್ ಕಾರ್ಯವನ್ನು ಪರದೇಶದ ಆಳ್ವಿಕೆಯಿಂದ ಬೇರ್ಪಡಿಸುವುದು ಹೇಗೆ ಎಂಬ ಪ್ರಶ್ನೆಯು ಆ ಬಳಿಕ ಚಳವಳಿಯ ಒಳಗೂ ಪ್ರಬಲವಾಯಿತು. 1928ರ ಡಿಸೆಂಬರಿನಲ್ಲಿ ಒಕ್ಕೂಟದ ಸರ್ವಸಾಧಾರಣ ಸಮಿತಿಯು ಮೈಸೂರಿನಲ್ಲಿ ಸಭೆ ಸೇರಿತು. ಆಗ ಮೈಸೂರು ದೇಶೀಯ ಸಂಸ್ಥಾನವಾಗಿತ್ತು. ಭಾರತದಲ್ಲಿ ಸ್ವಾತಂತ್ರ್ಯ ಹೋರಾಟ ನಡೆದಿತ್ತು. ಅದೇ ವರ್ಷ ಮಾಟ್ ಅಧ್ಯಕ್ಷ ಸ್ಥಾನದಿಂದ ನಿವೃತ್ತರಾದರು. ಅವರಿಗೆ 1946ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಲಭಿಸಿತು.

ಕರ್ನಾಟಕದೊಂದಿಗೆ ಸಂಬಂಧ

1912ರಲ್ಲಿ ಆರಂಭವಾದ ಭಾರತೀಯ ವಿದ್ಯಾರ್ಥಿ ಕ್ರೈಸ್ತ ಚಳವಳಿಯು ಒಕ್ಕೂಟದ ಸದಸ್ಯ ಸಂಘಟನೆಯಾಗಿದ್ದು, ಅದರ ಪ್ರಧಾನ ಕಚೇರಿಯು ಬೆಂಗಳೂರಿನಲ್ಲಿದೆ. 1947ರಿಂದ ಒಕ್ಕೂಟದಲ್ಲಿ ಸೇವೆ ಸಲ್ಲಿಸಿದ ಕೇರಳದ ಚಿಂತಕ ಎಂ. ಎಂ. ಥಾಮಸ್ ಮುಂದೆ ಬೆಂಗಳೂರಿನ ಧರ್ಮ ಮತ್ತು ಸಮಾಜ ಅಧ್ಯಯನದ ಕ್ರೈಸ್ತ ಸಂಸ್ಥೆಯ ನಿರ್ದೇಶಕರಾದರು. ಸ್ವತಂತ್ರ ಭಾರತದ ರಾಷ್ಟ್ರನಿರ್ಮಾಣದಲ್ಲಿ ಅನ್ಯಧರ್ಮೀಯರೊಡನೆ ಕೂಡಿ ದುಡಿಯುವುದು ಕ್ರೈಸ್ತರ ಹೊಣೆಯೆಂದು ಅವರು ಪ್ರತಿಪಾದಿಸಿದರು.